ಕೈತೋಟಕ್ಕೆ ಅಂತರ್ಜಾಲದ ಸಲಹೆ: ನಂಬುವ ಮುನ್ನ ಅಳೆದು ನೋಡುವ ಬಗೆ

(ಸಾರ್ವಜನಿಕರು, ಸ್ವಸಹಾಯ ಸಂಘಗಳ ಸದಸ್ಯರು, ಅಂಗನವಾಡಿ ಹಾಗೂ ಶಾಲಾ ಕೈತೋಟಗಳ ನಿರ್ವಾಹಕರ ತಿಳಿವಳಿಕೆಗಾಗಿ)

ಹಿತ್ತಲಿನಲ್ಲಿ ನಾಲ್ಕು ಮಡಿ ಸೊಪ್ಪು, ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬೇಲಿಯ ಮೇಲೆ ಹೀರೆ ಬಳ್ಳಿ, ಅಂಗಳದ ಮೂಲೆಯಲ್ಲಿ ಕರಿಬೇವು ಮತ್ತು ನುಗ್ಗೆ. ಗ್ರಾಮೀಣ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಕೈತೋಟದ ಸ್ವರೂಪ ಇದಾಗಿದೆ. ಇದರ ಬೇಸಾಯವನ್ನು ಮನೆಯ ಹಿರಿಯರಿಂದಲೋ ನೆರೆಹೊರೆಯವರಿಂದಲೋ ಕಲಿಯುವುದು ರೂಢಿಯಾಗಿತ್ತು. ಈಚಿನ ವರ್ಷಗಳಲ್ಲಿ ಆ ಪ್ರಶ್ನೆಗಳು ಮೊಬೈಲಿನ ಕಡೆಗೆ ತಿರುಗಿವೆ. ಮೆಣಸಿನ ಎಲೆ ಏಕೆ ಮುದುಡಿತು, ಟೊಮ್ಯಾಟೊ ಹೂ ಏಕೆ ಉದುರಿತು, ಕರಿಬೇವಿಗೆ ಯಾವ ಗೊಬ್ಬರ ಹಾಕಬೇಕು ಎಂದು ಕೇಳಿದ ಕ್ಷಣದಲ್ಲಿಯೇ ನೂರಾರು ಉತ್ತರಗಳು ದೊರೆಯುತ್ತವೆ.

ಉತ್ತರಗಳಿಗೆ ಕೊರತೆಯಿಲ್ಲದಿದ್ದರೂ ಅವುಗಳಲ್ಲಿ ಯಾವುದು ತಮ್ಮ ಹಿತ್ತಲಿಗೆ ಸಲ್ಲುತ್ತದೆ ಎಂಬುದನ್ನು ಕಂಡುಕೊಳ್ಳುವುದು ಸುಲಭವಲ್ಲ. ಹೊಲದ ಬೆಳೆಯಲ್ಲಿ ತಪ್ಪು ಸಲಹೆಯಿಂದ ಇಳುವರಿ ಹಾಗೂ ಹಣ ನಷ್ಟವಾಗುತ್ತದೆ. ಕೈತೋಟದಲ್ಲಿ ಅದಕ್ಕಿಂತ ಹತ್ತಿರದ ಅಪಾಯವಿದೆ. ಇಂದು ಗಿಡಕ್ಕೆ ಸಿಂಪಡಿಸಿದ್ದು ನಾಳೆ ಮನೆಯ ಮಕ್ಕಳ, ಬಸುರಿ ಬಾಣಂತಿಯರ ತಟ್ಟೆಗೆ ಬರುತ್ತದೆ. ಸೊಪ್ಪು ಕೊಯ್ಯುವುದಕ್ಕೂ ಸಾರು ಕುದಿಯುವುದಕ್ಕೂ ನಡುವೆ ಅರ್ಧ ಗಂಟೆಯ ಅಂತರವೂ ಇರುವುದಿಲ್ಲ. ಆದುದರಿಂದ ಕೈತೋಟದ ಸಲಹೆಯನ್ನು ಔಷಧದ ಚೀಟಿಯಷ್ಟೇ ಎಚ್ಚರದಿಂದ ಓದುವುದು ಅಗತ್ಯ.

ಉಪಯುಕ್ತವಾದ ಯಾವುದೇ ಸಲಹೆಯಲ್ಲಿ ಐದು ಗುರುತುಗಳು ಸ್ಪಷ್ಟವಾಗಿರುತ್ತವೆ: ಬೆಳೆ, ನೆಲ, ಕಾಲ, ಅಳತೆ ಮತ್ತು ಹೊಣೆ. ಯಾವ ಬೆಳೆಗೆ, ಯಾವ ಮಣ್ಣು ಮತ್ತು ಹವೆಗೆ, ಯಾವಾಗ, ಎಷ್ಟು ಪ್ರಮಾಣದಲ್ಲಿ ಎಂಬುದರ ಜೊತೆಗೆ ಯಾರ ಹೊಣೆಯಲ್ಲಿ ಆ ಮಾತು ಹೇಳಲಾಗಿದೆ ಎಂಬುದೂ ಅದರಲ್ಲಿ ಇರಬೇಕು. ಇವುಗಳಲ್ಲಿ ಒಂದು ಕಾಣದಿದ್ದರೂ ಅದನ್ನು ವಿಚಾರಿಸಿ ತಿಳಿಯುವವರೆಗೆ ಸಲಹೆಯನ್ನು ಗಿಡದ ಮೇಲೆ ಪ್ರಯೋಗಿಸಬಾರದು.

1. ಬೆಳೆ: ಹೆಸರು ತಪ್ಪಿದರೆ ಉತ್ತರವೂ ತಪ್ಪುತ್ತದೆ

ಅಂತರ್ಜಾಲದಲ್ಲಿ ಯಾವ ಪದ ಬಳಸಿ ಹುಡುಕಲಾಗುತ್ತದೆಯೋ ಆ ಪದ ಬಳಕೆಯಲ್ಲಿರುವ ದೇಶದ ಮಾಹಿತಿಯೇ ಮುಂದೆ ಬರುತ್ತದೆ. ಬದನೆಯನ್ನು ‘ಎಗ್‌ಪ್ಲಾಂಟ್’ ಎಂದು ಹುಡುಕಿದರೆ ಅಮೆರಿಕದ ತೋಟಗಳ ಪುಟಗಳೂ, ‘ಆಬರ್ಜಿನ್’ ಎಂದು ಹುಡುಕಿದರೆ ಬ್ರಿಟನ್ನಿನ ಪುಟಗಳೂ ಹೆಚ್ಚಾಗಿ ದೊರೆಯುತ್ತವೆ. ‘ಬ್ರಿಂಜಾಲ್’ ಎಂಬ ಪದ ಬಳಸಿದಾಗ ಭಾರತದ ವಿಶ್ವವಿದ್ಯಾಲಯಗಳ ಹಾಗೂ ಸಂಶೋಧನಾ ಸಂಸ್ಥೆಗಳ ಬರಹಗಳು ಮೇಲಕ್ಕೆ ಬರುತ್ತವೆ. ಕನ್ನಡದಲ್ಲಿಯೇ ‘ಬದನೆ ಬೇಸಾಯ ಕ್ರಮ’ ಎಂದು ಬರೆದು, ಅದರೊಂದಿಗೆ ಕೃಷಿ ಅಥವಾ ತೋಟಗಾರಿಕಾ ವಿಶ್ವವಿದ್ಯಾಲಯದ ಹೆಸರನ್ನು ಸೇರಿಸಿ ಹುಡುಕಿದರೆ ಮತ್ತಷ್ಟು ಹತ್ತಿರದ ಮಾಹಿತಿ ಸಿಗುತ್ತದೆ.

ಒಂದೇ ಹೆಸರಿನಲ್ಲಿ ಎರಡು ಗಿಡಗಳಿರುವುದೂ ಉಂಟು. ಹಳೇ ಮೈಸೂರು ಭಾಗದ ಗೋರಿಕಾಯಿಯನ್ನು ಉತ್ತರ ಕರ್ನಾಟಕದಲ್ಲಿ ಚವಳಿಕಾಯಿ ಎನ್ನುತ್ತಾರೆ. ಮರಾಠಿಯಲ್ಲಿ ಚವಳಿ ಎಂದರೆ ಅಲಸಂದೆ. ಗಡಿಭಾಗದಲ್ಲಿ ಈ ಪದದಿಂದ ಹುಡುಕಿದವರಿಗೆ ಬೇರೊಂದು ಬೆಳೆಯ ಬೇಸಾಯ ಕ್ರಮ ಸಿಗುವ ಸಂಭವವಿದೆ. ಪಾಲಕ್ ಸೊಪ್ಪಿನ ವಿಷಯವೂ ಇದೇ ಬಗೆಯದು. ನಮ್ಮಲ್ಲಿ ಬೆಳೆಯುವ ಪಾಲಕ್ ಬಹುತೇಕ ಬೀಟ್‌ರೂಟಿನ ಜಾತಿಗೆ ಸೇರಿದ್ದು. ಬಿಸಿಲನ್ನು ತಕ್ಕಮಟ್ಟಿಗೆ ತಾಳಿಕೊಂಡು, ಕೊಯ್ದಷ್ಟೂ ಮತ್ತೆ ಚಿಗುರುವ ಗುಣ ಅದಕ್ಕಿದೆ. ಇಂಗ್ಲಿಷಿನ ‘ಸ್ಪಿನಾಚ್’ ತಂಪು ಹವೆಯ ಬೇರೆ ಗಿಡ. ಅದಕ್ಕೆ ಬರೆದ ಸಲಹೆ ಪಾಲಕ್‌ಗೆ ಪೂರ್ಣವಾಗಿ ಹೊಂದುವುದಿಲ್ಲ. ಸಂದೇಹವಿದ್ದಲ್ಲಿ ಗಿಡದ ಸಸ್ಯಶಾಸ್ತ್ರೀಯ ಹೆಸರನ್ನು ನೋಡಿ ತಾಳೆ ಹಾಕುವುದು ಲೇಸು. ಆ ಹೆಸರು ಎಲ್ಲ ದೇಶಗಳಲ್ಲಿಯೂ ಒಂದೇ ಆಗಿರುತ್ತದೆ.

2. ನೆಲ: ಊರಿನ ಮಣ್ಣಿಗೆ ಹೊಂದದ ಮಾತು

ಕರ್ನಾಟಕವನ್ನು 10 ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಲಾಗಿದೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿದರೆ, ಬಯಲುಸೀಮೆಯ ಒಣ ತಾಲ್ಲೂಕುಗಳಲ್ಲಿ 600 ಮಿ.ಮೀ. ಮುಟ್ಟುವುದೂ ಕಷ್ಟ. ಒಂದೇ ರಾಜ್ಯದಲ್ಲಿ ಇಷ್ಟು ಅಂತರವಿರುವಾಗ ಒಂದೇ ಸಲಹೆ ಎಲ್ಲೆಡೆ ಸಲ್ಲುವಂತಿಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತರಕಾರಿಗೆ ಏರು ಮಡಿ ಮಾಡಿ ನೀರು ಬಸಿದುಹೋಗುವಂತೆ ನೋಡಿಕೊಳ್ಳಬೇಕು. ಒಣ ಪ್ರದೇಶದಲ್ಲಿ ಅದೇ ಏರು ಮಡಿ ಬೇಗನೆ ಒಣಗುವುದರಿಂದ, ನೀರು ನಿಲ್ಲುವಂತಹ ತಗ್ಗು ಮಡಿ ಹೆಚ್ಚು ಅನುಕೂಲ.

ಸುಣ್ಣ ಮತ್ತು ಬೂದಿಯ ಉದಾಹರಣೆ ಇನ್ನೂ ಸ್ಪಷ್ಟವಾದುದು. ಹೆಚ್ಚು ಮಳೆ ಬೀಳುವ ಕಡೆಯ ಕೆಂಪು ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿ ಮಣ್ಣು. ಅದಕ್ಕೆ ಸುಣ್ಣ ಸೇರಿಸಿದರೆ ಹುಳಿ ತಗ್ಗಿ, ಗಿಡಕ್ಕೆ ಪೋಷಕಾಂಶಗಳು ಸರಿಯಾಗಿ ದೊರೆಯುತ್ತವೆ. ಉತ್ತರದ ಜಿಲ್ಲೆಗಳ ಕಪ್ಪು ಮಣ್ಣು ಸಾಮಾನ್ಯವಾಗಿ ಕ್ಷಾರ ಗುಣದ್ದು. ಅಲ್ಲಿ ಸುಣ್ಣವನ್ನಾಗಲಿ ಹೆಚ್ಚಿನ ಬೂದಿಯನ್ನಾಗಲಿ ಹಾಕಿದರೆ ಕ್ಷಾರ ಏರುತ್ತದೆ. ಆಗ ಕಬ್ಬಿಣ, ಸತುವಿನಂತಹ ಲಘು ಪೋಷಕಾಂಶಗಳು ಮಣ್ಣಿನಲ್ಲಿದ್ದರೂ ಬೇರಿಗೆ ಸಿಗದೆ ಎಳೆಯ ಎಲೆಗಳು ಹಳದಿಯಾಗುತ್ತವೆ. ‘ಬೂದಿ ಹಾಕಿದರೆ ಎಲ್ಲ ಗಿಡವೂ ಚೆನ್ನಾಗಿ ಬರುತ್ತದೆ’ ಎಂಬ ಸಲಹೆ ಒಂದು ಕಡೆ ನಿಜವಾಗಿಯೂ ಮತ್ತೊಂದು ಕಡೆ ಹಾನಿಯಾಗಿಯೂ ಪರಿಣಮಿಸುವುದು ಈ ಕಾರಣದಿಂದ. ಮಣ್ಣು ಪರೀಕ್ಷೆಯಿಲ್ಲದೆ ಸುಣ್ಣ ಹಾಕತಕ್ಕದ್ದಲ್ಲ.

ಕಣ್ಣಿಗೆ ಕಾಣದ ಮತ್ತೊಂದು ವ್ಯತ್ಯಾಸ ಹಗಲಿನ ಉದ್ದ. ಯುರೋಪ್ ಮತ್ತು ಉತ್ತರ ಅಮೆರಿಕದ ಹಲವು ಈರುಳ್ಳಿ ತಳಿಗಳು ದಿನಕ್ಕೆ 14 ಗಂಟೆ ಅಥವಾ ಅದಕ್ಕೂ ಹೆಚ್ಚು ಹಗಲು ದೊರೆತಾಗ ಮಾತ್ರ ಗೆಡ್ಡೆ ಕಟ್ಟುತ್ತವೆ. ಕರ್ನಾಟಕದಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 13 ಗಂಟೆ. ಅಂತಹ ಬೀಜವನ್ನು ತರಿಸಿ ಬಿತ್ತಿದರೆ ಎಷ್ಟೇ ಆರೈಕೆ ಮಾಡಿದರೂ ಸೊಪ್ಪು ಬೆಳೆಯುವುದೇ ಹೊರತು ಗೆಡ್ಡೆ ಬರುವುದಿಲ್ಲ. ಇಲ್ಲಿಗೆ ಅಲ್ಪ ಹಗಲಿನಲ್ಲಿ ಗೆಡ್ಡೆ ಕಟ್ಟುವ ಬಳ್ಳಾರಿ ಕೆಂಪು, ಅರ್ಕಾ ಕಲ್ಯಾಣ್, ಅರ್ಕಾ ನಿಕೇತನ್ ಮುಂತಾದ ತಳಿಗಳೇ ತಕ್ಕವು. ವಿದೇಶದ ಪುಟಗಳಲ್ಲಿ ಕಾಣುವ ‘ಹಾರ್ಡಿನೆಸ್ ಝೋನ್’ ಎಂಬ ಅಂಕಿಯೂ ಚಳಿಗಾಲದ ಕನಿಷ್ಠ ಉಷ್ಣಾಂಶವನ್ನು ಆಧರಿಸಿದ್ದು. ಮಳೆ ಮತ್ತು ಬೇಸಿಗೆಯ ಬಿಸಿ ಬೆಳೆಯನ್ನು ನಿರ್ಧರಿಸುವ ನಮ್ಮ ನಾಡಿನಲ್ಲಿ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

3. ಕಾಲ: ಬಿತ್ತುವ ಋತು ಮತ್ತು ಸಲಹೆಯ ವರ್ಷ

ಕಾಲ ಎಂಬುದಕ್ಕೆ ಇಲ್ಲಿ ಎರಡು ಅರ್ಥಗಳಿವೆ. ಮೊದಲನೆಯದು ಋತು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆ ಹಗಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂತಹ ಬಿಸಿಲಿನಲ್ಲಿ ಟೊಮ್ಯಾಟೊ ಹೂ ಕಾಯಿ ಕಟ್ಟದೆ ಉದುರುವುದು ಸಹಜ. ಅದಕ್ಕೆ ‘ಹೂ ನಿಲ್ಲಿಸುವ ಟಾನಿಕ್’ ಕೊಳ್ಳುವುದಕ್ಕಿಂತ ನೆರಳು ಬಲೆ, ಮಣ್ಣಿನ ಮೇಲೆ ಒಣ ಎಲೆಯ ಹೊದಿಕೆ ಮತ್ತು ಕ್ರಮವಾದ ನೀರು ಹೆಚ್ಚು ಸಹಕಾರಿ. ಎಲ್ಲಕ್ಕಿಂತ ಮಿಗಿಲಾಗಿ, ಬಿತ್ತನೆಯ ತಿಂಗಳನ್ನು ಬದಲಿಸುವುದೇ ಸರಿಯಾದ ಉಪಾಯ.

ಎರಡನೆಯದು, ಆ ಸಲಹೆ ಪ್ರಕಟವಾದ ವರ್ಷ. ಅಂತರ್ಜಾಲದಲ್ಲಿ ಹಳೆಯ ಬರಹಗಳೂ ವಿಡಿಯೊಗಳೂ ಹೊಸದರ ಪಕ್ಕದಲ್ಲಿಯೇ ಉಳಿದಿರುತ್ತವೆ. ಕೀಟನಾಶಕಗಳ ವಿಷಯದಲ್ಲಿ ಇದು ಗಂಭೀರ ಸಂಗತಿ. ಮಾನೋಕ್ರೋಟೋಫಾಸ್ ಅನ್ನು ತರಕಾರಿ ಬೆಳೆಗಳಿಗೆ ಬಳಸುವುದನ್ನು 2005ರಲ್ಲಿಯೇ ನಿಷೇಧಿಸಲಾಗಿದೆ. ಕೇಂದ್ರ ಸರ್ಕಾರವು ಆಗಸ್ಟ್ 2018ರ ಆದೇಶದಲ್ಲಿ 18 ಕೀಟನಾಶಕಗಳನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಆ ಪೈಕಿ ಡೈಕ್ಲೋರ್ವಾಸ್, ಫೋರೇಟ್, ಟ್ರೈಅಜೋಫಾಸ್ ಸೇರಿದಂತೆ 6 ಕೀಟನಾಶಕಗಳಿಗೆ 31-12-2020ರಿಂದ ಪೂರ್ಣ ನಿಷೇಧ ಜಾರಿಯಾಯಿತು. ಅದಕ್ಕಿಂತ ಹಿಂದಿನ ಬರಹವೊಂದು ಇವುಗಳನ್ನು ಹೆಸರಿಸಿದ್ದರೆ, ಬರೆದ ದಿನ ಅದು ನಿಯಮಕ್ಕೆ ವಿರುದ್ಧವಾಗಿರಲಾರದು. ಇಂದು ಅದನ್ನು ಅನುಸರಿಸುವುದು ಕಾನೂನಿಗೂ ಆರೋಗ್ಯಕ್ಕೂ ವಿರುದ್ಧ.

ಒಂದು ಕಾಲದಲ್ಲಿ ಒಪ್ಪಿತವಾದದ್ದು ಮುಂದೆ ಎಷ್ಟು ಬೆಲೆ ತೆರಿಸಬಹುದು ಎಂಬುದಕ್ಕೆ ದಕ್ಷಿಣ ಕನ್ನಡ ಜಿಲ್ಲೆಯ ಗೇರು ತೋಟಗಳ ಸುತ್ತಲಿನ ಗ್ರಾಮಗಳೇ ಸಾಕ್ಷಿ. ಹೆಲಿಕಾಪ್ಟರ್ ಮೂಲಕ ಸಿಂಪಡಿಸಿದ ಎಂಡೋಸಲ್ಫಾನ್ ಅಂದು ಅನುಮತಿ ಪಡೆದ ಕೀಟನಾಶಕವೇ ಆಗಿತ್ತು. ಅದರ ಬಾಧೆಗೆ ಒಳಗಾದ ಕುಟುಂಬಗಳು ಇಂದಿಗೂ ಆ ಕಷ್ಟವನ್ನು ಹೊತ್ತಿವೆ. ರಾಜ್ಯ ಸರ್ಕಾರ 2011ರಲ್ಲಿ ಅದನ್ನು ನಿಷೇಧಿಸಿತು. ಅದೇ ವರ್ಷ ಮೇ 13ರಂದು ಸರ್ವೋಚ್ಚ ನ್ಯಾಯಾಲಯವು ದೇಶದಾದ್ಯಂತ ಅದರ ತಯಾರಿಕೆ, ಮಾರಾಟ ಹಾಗೂ ಬಳಕೆಗೆ ತಡೆ ನೀಡಿತು. ಆದುದರಿಂದ ದಿನಾಂಕವಿಲ್ಲದ ಬರಹದಲ್ಲಿ ಕಾಣುವ ಕೀಟನಾಶಕದ ಹೆಸರನ್ನು ಕೃಷಿ ಅಥವಾ ತೋಟಗಾರಿಕೆ ಅಧಿಕಾರಿಗಳಲ್ಲಿ ವಿಚಾರಿಸದೆ ಅಂಗಡಿಯಲ್ಲಿ ಕೇಳಬಾರದು.

4. ಅಳತೆ: ಹೊಲದ ಲೆಕ್ಕ ಕುಂಡಕ್ಕೆ ಸಲ್ಲದು

ಕೈತೋಟದಲ್ಲಿ ಆಗುವ ಹಾನಿಯಲ್ಲಿ ಬಹುಪಾಲು ಅಳತೆಯ ತಪ್ಪಿನಿಂದ ಆಗುವಂಥದ್ದು. ವಿಶ್ವವಿದ್ಯಾಲಯಗಳ ಶಿಫಾರಸುಗಳು ಸಾಮಾನ್ಯವಾಗಿ ಹೆಕ್ಟೇರಿನ ಲೆಕ್ಕದಲ್ಲಿರುತ್ತವೆ. ಇದನ್ನು ಹಿತ್ತಲಿನ ಮಡಿಗೆ ಇಳಿಸುವುದು ಕಷ್ಟವಲ್ಲ. ಹೆಕ್ಟೇರಿಗೆ ಎಷ್ಟು ಕಿಲೋಗ್ರಾಂ ಎಂಬುದನ್ನು 10ರಿಂದ ಭಾಗಿಸಿದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂಬುದು ದೊರೆಯುತ್ತದೆ. ಹೆಕ್ಟೇರಿಗೆ 25 ಟನ್ ಕೊಟ್ಟಿಗೆ ಗೊಬ್ಬರ ಎಂದಿದ್ದರೆ ಚದರ ಮೀಟರಿಗೆ 2.5 ಕೆ.ಜಿ. ಆಗುತ್ತದೆ. 10 ಅಡಿ ಉದ್ದ, 10 ಅಡಿ ಅಗಲದ ಮಡಿಯೊಂದು ಸುಮಾರು 9.3 ಚದರ ಮೀಟರಿನಷ್ಟಿರುತ್ತದೆ.

ಇಲ್ಲಿ ಪೋಷಕಾಂಶಕ್ಕೂ ಗೊಬ್ಬರಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ‘ಹೆಕ್ಟೇರಿಗೆ 100 ಕೆ.ಜಿ. ಸಾರಜನಕ’ ಎಂದರೆ 100 ಕೆ.ಜಿ. ಯೂರಿಯಾ ಎಂದು ಅರ್ಥವಲ್ಲ. ಯೂರಿಯಾದಲ್ಲಿ ಶೇ. 46ರಷ್ಟು ಮಾತ್ರ ಸಾರಜನಕವಿರುತ್ತದೆ. ಆ ಪ್ರಕಾರ ಚದರ ಮೀಟರಿಗೆ 10 ಗ್ರಾಂ ಸಾರಜನಕ ಒದಗಿಸಲು ಸುಮಾರು 22 ಗ್ರಾಂ ಯೂರಿಯಾ ಬೇಕು. ಅದನ್ನೂ ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ ಕೊಡಬೇಕು. ‘ಒಂದು ಹಿಡಿ’ ಎಂದು ಹೇಳಿ ಮುಗಿಸುವ ವಿಡಿಯೊ ನೋಡಿ ಕುಂಡದ ಗಿಡಕ್ಕೆ ಯೂರಿಯಾ ಹಾಕಿದವರ ಗಿಡ ಎರಡೇ ದಿನಗಳಲ್ಲಿ ಸುಟ್ಟಂತಾಗುವುದು ಈ ಲೆಕ್ಕ ತಪ್ಪಿದ್ದರಿಂದ.

ಸಿಂಪರಣೆಯಲ್ಲಿ ಮತ್ತೂ ಹೆಚ್ಚಿನ ಎಚ್ಚರ ಬೇಕು. ರೈತರಿಗಾಗಿ ಮಾಡಿದ ವಿಡಿಯೊದಲ್ಲಿ ‘ಒಂದು ಟ್ಯಾಂಕಿಗೆ 30 ಮಿ.ಲೀ.’ ಎಂದರೆ ಅಲ್ಲಿ ಟ್ಯಾಂಕ್ ಎಂಬುದು ಬೆನ್ನಿಗೆ ಹೊರುವ 15 ಅಥವಾ 16 ಲೀಟರಿನ ಸಿಂಪರಣಾ ಯಂತ್ರ. ಅಂದರೆ ಲೀಟರಿಗೆ ಸುಮಾರು 2 ಮಿ.ಲೀ. ಅದೇ 30 ಮಿ.ಲೀ.ಯನ್ನು ಮನೆಯ 1 ಲೀಟರಿನ ಕೈ ಸಿಂಪರಣೆ ಡಬ್ಬಿಗೆ ಹಾಕಿದರೆ ಪ್ರಮಾಣ 15 ಪಟ್ಟು ಹೆಚ್ಚುತ್ತದೆ. ‘ಒಂದು ಮುಚ್ಚಳ’, ‘ಸ್ವಲ್ಪ’, ‘ಅಂದಾಜಿಗೆ’ ಎಂಬ ಮಾತುಗಳಿರುವ ಸಲಹೆಯನ್ನು ಅಳತೆಯಿಲ್ಲದ ಸಲಹೆಯೆಂದೇ ಪರಿಗಣಿಸಬೇಕು. ವಿದೇಶದ ಬರಹಗಳಲ್ಲಿ ಗ್ಯಾಲನ್ ಎಂಬ ಅಳತೆಯೂ ಎರಡು ಬಗೆ: ಅಮೆರಿಕದ್ದು 3.8 ಲೀಟರ್, ಬ್ರಿಟನ್ನಿನದು 4.5 ಲೀಟರ್. ಔಷಧ ಅಳೆಯಲು ಬಳಸಿದ ಚಮಚ, ಲೋಟಗಳನ್ನು ಯಾವ ಕಾರಣಕ್ಕೂ ಅಡುಗೆಮನೆಗೆ ಮರಳಿ ತರಬಾರದು.

5. ಹೊಣೆ: ಹೇಳಿದವರು ಯಾರು, ಅವರಿಗೇನು ಲಾಭ

ಜಾಲತಾಣದ ವಿಳಾಸದ ಕೊನೆಯ ಭಾಗವು ಅದರ ಮೂಲವನ್ನು ತಿಳಿಯಲು ನೆರವಾಗುತ್ತದೆ. ‘ಜಿಓವಿ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ನೀಡಲಾಗುತ್ತದೆ. ‘ಎಸಿ ಡಾಟ್ ಇನ್’, ‘ಇಡಿಯು ಡಾಟ್ ಇನ್’, ‘ಆರ್‌ಇಎಸ್ ಡಾಟ್ ಇನ್’ ಎಂಬ ಕೊನೆಗಳು ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ಮೀಸಲು. ‘ಡಾಟ್ ಕಾಮ್’, ‘ಡಾಟ್ ಓಆರ್‌ಜಿ’ ಅಥವಾ ಬರಿಯ ‘ಡಾಟ್ ಇನ್’ ವಿಳಾಸವನ್ನು ಯಾರು ಬೇಕಾದರೂ ಪಡೆಯಬಹುದು. ಹಾಗೆಂದು ಅವೆಲ್ಲವೂ ಸುಳ್ಳೆಂದು ಭಾವಿಸಬೇಕಿಲ್ಲ. ಸ್ವಂತ ಅನುಭವದಿಂದ ಪ್ರಾಮಾಣಿಕವಾಗಿ ಬರೆಯುವ ಕೃಷಿಕರು ಅನೇಕರಿದ್ದಾರೆ. ಅವರ ಊರು, ಮಣ್ಣು, ನೀರಿನ ವಿವರ ತಿಳಿದಾಗ ಆ ಅನುಭವದ ಬೆಲೆ ಹೆಚ್ಚುತ್ತದೆ.

ಬೆಂಗಳೂರು, ಧಾರವಾಡ ಮತ್ತು ರಾಯಚೂರಿನ ಕೃಷಿ ವಿಶ್ವವಿದ್ಯಾಲಯಗಳು, ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇವು ಈ ನೆಲದಲ್ಲಿಯೇ ಪ್ರಯೋಗ ನಡೆಸಿ ಶಿಫಾರಸು ನೀಡುವ ಸಂಸ್ಥೆಗಳು. ಸರ್ಕಾರದ ‘ವಿಕಾಸ್‌ಪೀಡಿಯಾ’ ಜಾಲತಾಣದಲ್ಲಿ ಕೃಷಿ ಮಾಹಿತಿಯನ್ನು ಕನ್ನಡದಲ್ಲಿಯೂ ಓದಬಹುದು.

ಸಲಹೆಯ ಕೊನೆಗೆ ಒಂದೇ ಕಂಪನಿಯ ಬಾಟಲಿಯನ್ನು ತೋರಿಸಿ, ಕೊಳ್ಳಲು ಕೊಂಡಿಯನ್ನು ಒದಗಿಸಿದ್ದರೆ ಅದನ್ನು ಜಾಹೀರಾತಿನಂತೆ ಓದಬೇಕು. ಕೃತಕ ಬುದ್ಧಿಮತ್ತೆಯ ಉತ್ತರಗಳ ವಿಷಯದಲ್ಲಿಯೂ ಇದೇ ಎಚ್ಚರ ಸಲ್ಲುತ್ತದೆ. ಅವು ಶುದ್ಧ ಕನ್ನಡದಲ್ಲಿ, ಧೈರ್ಯವಾಗಿ ಉತ್ತರಿಸಿದರೂ ಪ್ರಮಾಣವನ್ನೋ ನಿಷೇಧದ ಸ್ಥಿತಿಯನ್ನೋ ತಪ್ಪಾಗಿ ಹೇಳುವುದುಂಟು. ಭಾಷೆಯ ನಯವನ್ನು ಮಾಹಿತಿಯ ನಿಜವೆಂದು ಭಾವಿಸಬಾರದು. ಉತ್ತರದಲ್ಲಿ ಬಂದ ಹೆಸರು ಮತ್ತು ಅಂಕಿಗಳನ್ನು ಮೇಲಿನ ಸಂಸ್ಥೆಗಳ ಪ್ರಕಟಣೆಯೊಂದಿಗೆ ಹೋಲಿಸಿ ನೋಡಬೇಕು.

6. ಚಿತ್ರ ನೋಡಿ ರೋಗ ಹೇಳುವಲ್ಲಿನ ಮಿತಿ

ಎಲೆಯ ಚಿತ್ರ ತೆಗೆದು ಆ್ಯಪ್‌ಗೆ ಹಾಕಿದರೆ ರೋಗದ ಹೆಸರು ಬರುತ್ತದೆ. ಇದು ವಿಚಾರಣೆಯ ಮೊದಲ ಹೆಜ್ಜೆ ಮಾತ್ರ. ಮೆಣಸಿನ ಎಲೆ ಮುದುಡುವುದನ್ನು ನೋಡಬಹುದು. ಥ್ರಿಪ್ಸ್ ನುಸಿಯ ಬಾಧೆಯಿದ್ದಾಗ ಎಲೆಯ ಅಂಚು ಮೇಲ್ಮುಖವಾಗಿ ಮುದುಡುತ್ತದೆ. ಮೈಟ್ ನುಸಿಯಿಂದಾದರೆ ಬೋರಲು ಹಾಕಿದ ದೋಣಿಯಂತೆ ಕೆಳಮುಖವಾಗಿ ಮುದುಡುತ್ತದೆ. ನಂಜು ರೋಗದಿಂದಲೂ ಎಲೆ ಮುದುಡುವುದುಂಟು. ಮೂರಕ್ಕೂ ಪರಿಹಾರ ಬೇರೆ. ಥ್ರಿಪ್ಸ್‌ಗೆ ಬಳಸುವ ಔಷಧ ಮೈಟ್ ನುಸಿಗೆ ಕೆಲಸ ಮಾಡದಿರಬಹುದು. ನಂಜು ತಗುಲಿದ ಗಿಡಕ್ಕಂತೂ ಯಾವ ಔಷಧವೂ ಇಲ್ಲ. ಅದನ್ನು ಕಿತ್ತು ದೂರ ಮಾಡಿ, ರೋಗ ಹರಡುವ ಕೀಟವನ್ನು ತಡೆಯುವುದೊಂದೇ ದಾರಿ. ಬೆಂಡೆಯ ಹಳದಿ ನಂಜು ರೋಗ ಮತ್ತು ಟೊಮ್ಯಾಟೊದ ಎಲೆ ಮುಟುರು ರೋಗವನ್ನು ಹರಡುವುದು ಬಿಳಿನೊಣ.

ಎಲೆ ಹಳದಿಯಾಗುವುದಕ್ಕೂ ಕಾರಣ ಒಂದೇ ಅಲ್ಲ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಸಾರಜನಕದ ಕೊರತೆಯನ್ನೂ, ಎಳೆ ಎಲೆಗಳಲ್ಲಿ ನರಗಳು ಹಸಿರಾಗಿದ್ದು ನಡುವಿನ ಭಾಗ ಹಳದಿಯಾದರೆ ಕಬ್ಬಿಣದ ಕೊರತೆಯನ್ನೂ ಶಂಕಿಸಬೇಕು. ಕುಂಡದಲ್ಲಿ ನೀರು ನಿಂತು ಬೇರು ಕೊಳೆತರೂ ಎಲೆ ಹಳದಿಯಾಗುತ್ತದೆ. ಆದ್ದರಿಂದ ಎಲೆಯ ಒಂದು ಚಿತ್ರ ಸಾಲದು. ಎಲೆಯ ಅಡಿಭಾಗ, ಇಡೀ ಗಿಡ, ಕಾಂಡದ ಬುಡ ಇವುಗಳ ಚಿತ್ರವನ್ನೂ, ಕಳೆದ ಹದಿನೈದು ದಿನಗಳಲ್ಲಿ ಹಾಕಿದ ನೀರು ಗೊಬ್ಬರಗಳ ವಿವರವನ್ನೂ ಒಟ್ಟಿಗೆ ಕೊಟ್ಟರೆ ತಜ್ಞರು ಸರಿಯಾದ ಕಾರಣ ಹೇಳಬಲ್ಲರು.

7. ‘ನೈಸರ್ಗಿಕ’ ಎಂಬ ಮಾತಿನ ಪರೀಕ್ಷೆ

ಮನೆಮದ್ದುಗಳಲ್ಲಿ ಪರೀಕ್ಷೆಗೆ ನಿಂತಂಥವು ಇವೆ. ಬೇವಿನ ಬೀಜದ ತಿರುಳಿನ ಶೇ. 5ರ ಕಷಾಯ ಅಂತಹುದು. 50 ಗ್ರಾಂ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, 1 ಲೀಟರ್ ಆಗುವಂತೆ ನೀರು ಸೇರಿಸಿ, ಅಂಟಿಕೊಳ್ಳಲು ತುಸು ಸಾಬೂನು ಬೆರೆಸಿ ಸಿಂಪಡಿಸಲಾಗುತ್ತದೆ. ಬೇವಿನ ಸತ್ವ ಬಿಸಿಲಿಗೆ ಬೇಗ ಕುಂದುವುದರಿಂದ ಸಂಜೆಯ ವೇಳೆ ಸಿಂಪಡಿಸುವುದು ಸೂಕ್ತ. ಇಲ್ಲಿ ಬೆಳೆಗೆ ತಕ್ಕ ಅಳತೆ, ಕಾಲ, ಕಾರಣ ಎಲ್ಲವೂ ಸ್ಪಷ್ಟವಾಗಿವೆ.

ತಂಬಾಕಿನ ಕಷಾಯವನ್ನು ಕೂಡ ‘ನೈಸರ್ಗಿಕ’ವೆಂದು ಹೇಳಲಾಗುತ್ತದೆ. ಅದರಲ್ಲಿರುವ ನಿಕೋಟಿನ್ ಮನುಷ್ಯರಿಗೂ ತೀವ್ರ ವಿಷ. ಚರ್ಮದ ಮೂಲಕವೂ ದೇಹ ಸೇರುತ್ತದೆ. ಮನೆಯವರು ತಿನ್ನುವ ಸೊಪ್ಪು ತರಕಾರಿಯ ಮೇಲೆ ಅದನ್ನು ಸಿಂಪಡಿಸಬಾರದು. ಕಳೆ ಸಾಯಲೆಂದು ಉಪ್ಪು ನೀರು ಸುರಿಯುವ ಸಲಹೆಯೂ ಇದೆ. ಕಳೆಯೊಂದಿಗೆ ಮಣ್ಣೂ ಕೆಟ್ಟು, ಮುಂದೆ ಅಲ್ಲಿ ತರಕಾರಿ ಏಳುವುದು ದುಸ್ತರವಾಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ ಕೊಯ್ಲಿನ ಹೊತ್ತಿಗೆ ಸಗಣಿ, ಗಂಜಲದ ದ್ರಾವಣಗಳನ್ನು ಸುರಿಯದೆ ಬುಡದ ಮಣ್ಣಿಗೆ ಮೊದಲೇ ಕೊಡುವುದು ಒಳ್ಳೆಯದು.

ಟೊಮ್ಯಾಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದಕ್ಕೆ ಎಪ್ಸಮ್ ಲವಣ ಹಾಕುವಂತೆ ಹೇಳುವ ವಿಡಿಯೊಗಳು ಹೇರಳ. ಕಾಯಿಗೆ ಕ್ಯಾಲ್ಸಿಯಂ ತಲುಪದಿರುವುದು ಈ ತೊಂದರೆಯ ಮೂಲ. ಒಂದು ದಿನ ಹೆಚ್ಚು, ನಾಲ್ಕು ದಿನ ಏನೂ ಇಲ್ಲ ಎಂಬಂತೆ ನೀರು ಹಾಕುವುದು ಅದಕ್ಕೆ ಸಾಮಾನ್ಯ ಕಾರಣ. ಎಪ್ಸಮ್ ಲವಣದಲ್ಲಿರುವುದು ಮೆಗ್ನೀಸಿಯಂ. ಅದು ಹೆಚ್ಚಾದರೆ ಕ್ಯಾಲ್ಸಿಯಂ ಹೀರುವಿಕೆಗೆ ಅಡ್ಡಿಯಾಗುತ್ತದೆ. ಮೊಟ್ಟೆಯ ಸಿಪ್ಪೆ ಕರಗಿ ಗಿಡಕ್ಕೆ ಸಿಗಲು ಬಹುಕಾಲ ಬೇಕಾಗುವುದರಿಂದ ಅದೂ ತಕ್ಷಣದ ಪರಿಹಾರವಾಗಲಾರದು. ಕ್ರಮವಾಗಿ ನೀರು ಹಾಕಿ, ಬುಡಕ್ಕೆ ಹೊದಿಕೆ ಹರಡಿದರೆ ಮುಂದಿನ ಕಾಯಿಗಳು ಬಹುಮಟ್ಟಿಗೆ ಸರಿಯಾಗುತ್ತವೆ.

ರಾಸಾಯನಿಕ ಔಷಧ ಅನಿವಾರ್ಯವೆನಿಸಿದಾಗ ಅದರ ಲೇಬಲ್ ಅನ್ನೇ ಅಂತಿಮ ಮಾತೆಂದು ತಿಳಿಯಬೇಕು. ಲೇಬಲ್ ಮೇಲಿನ ಕೆಂಪು ಗುರುತು ಅತ್ಯಂತ ವಿಷಕಾರಿ ಎಂಬುದನ್ನು, ಹಳದಿ ಹೆಚ್ಚು ವಿಷಕಾರಿ, ನೀಲಿ ಮಧ್ಯಮ, ಹಸಿರು ಅಲ್ಪ ವಿಷಕಾರಿ ಎಂಬುದನ್ನು ಸೂಚಿಸುತ್ತವೆ. ಕೆಂಪು ಮತ್ತು ಹಳದಿ ಗುರುತಿನವನ್ನು ಮನೆಯಂಗಳಕ್ಕೆ ತರದಿರುವುದೇ ಕ್ಷೇಮ. ಲೇಬಲ್‌ನಲ್ಲಿ ಬೆಳೆಯ ಹೆಸರು ಇಲ್ಲದಿದ್ದರೆ ಆ ಬೆಳೆಗೆ ಬಳಸಬಾರದು. ಸಿಂಪಡಿಸಿದ ಎಷ್ಟು ದಿನಗಳ ನಂತರ ಕೊಯ್ಯಬೇಕೆಂದು ನಮೂದಿಸಿದೆಯೋ ಅಷ್ಟು ದಿನ ಕಾಯಲೇಬೇಕು. ಆಕಸ್ಮಿಕವಾಗಿ ಯಾರಾದರೂ ಅಸ್ವಸ್ಥರಾದರೆ ಮೊಬೈಲಿನಲ್ಲಿ ಉಪಾಯ ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ, ಔಷಧದ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

8. ಬೀಜ ಕೊಳ್ಳುವಾಗ

ನೀಲಿ ಗುಲಾಬಿ, ನೀಲಿ ಸ್ಟ್ರಾಬೆರಿಯ ಬೀಜಗಳೆಂದು ಬಣ್ಣದ ಚಿತ್ರ ತೋರಿಸಿ ಮಾರುವ ಪುಟಗಳಿವೆ. ಅಂತಹ ಸ್ಟ್ರಾಬೆರಿ ಜಗತ್ತಿನಲ್ಲಿಯೇ ಇಲ್ಲ. ಕೊಂಡವರಿಗೆ ದೊರೆಯುವುದು ಯಾವುದೋ ಬೇರೆ ಬೀಜ. ಬೀಜದ ಪೊಟ್ಟಣದ ಮೇಲೆ ಬೆಳೆ ಮತ್ತು ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಶೇಕಡಾ ಪ್ರಮಾಣ, ಪರೀಕ್ಷೆಯ ದಿನಾಂಕ ಹಾಗೂ ಅವಧಿ ಮುದ್ರಿತವಾಗಿರಬೇಕು. ಟೊಮ್ಯಾಟೊಗೆ ಶೇ. 70, ಬೆಂಡೆಗೆ ಶೇ. 65, ಮೆಣಸಿಗೆ ಶೇ. 60 ಕನಿಷ್ಠ ಮೊಳಕೆ ಪ್ರಮಾಣವೆಂದು ನಿಗದಿಯಾಗಿದೆ. ಒದ್ದೆ ಬಟ್ಟೆಯಲ್ಲಿ 20 ಬೀಜ ಕಟ್ಟಿಟ್ಟು ಎಷ್ಟು ಮೊಳೆಯುತ್ತವೆ ಎಂದು ಎಣಿಸಿದರೆ ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು.

ಬೀಜ ಉಳಿಸಿಕೊಳ್ಳುವ ಸಲಹೆಯನ್ನು ಅನುಸರಿಸುವ ಮುನ್ನ ಅದು ಸಂಕರಣ ತಳಿಯೇ ಅಲ್ಲವೇ ಎಂದು ತಿಳಿಯಬೇಕು. ಹೆಸರಘಟ್ಟದ ಸಂಸ್ಥೆ ರೂಪಿಸಿದ ‘ಅರ್ಕಾ ರಕ್ಷಕ್’ ಟೊಮ್ಯಾಟೊ ಮೂರು ರೋಗಗಳನ್ನು ತಡೆಯುವ ಸಂಕರಣ ತಳಿ. ಅದರ ಹಣ್ಣಿನಿಂದ ತೆಗೆದ ಬೀಜದಲ್ಲಿ ಅದೇ ಗುಣ ಉಳಿಯುವುದಿಲ್ಲ. ಅದೇ ಸಂಸ್ಥೆಯ ‘ಅರ್ಕಾ ಅನಾಮಿಕಾ’ ಬೆಂಡೆಯಂತಹ ಸಾಮಾನ್ಯ ತಳಿಯ ಬೀಜವನ್ನು ಉಳಿಸಿ ಮತ್ತೆ ಬಿತ್ತಬಹುದು.

9. ಒಂದು ಗಿಡದ ಮೇಲೆ ಮೊದಲು

ಎಲ್ಲ ಪರಿಶೀಲನೆಯ ನಂತರವೂ ಹೊಸ ಸಲಹೆಯನ್ನು ಇಡೀ ತೋಟಕ್ಕೆ ಒಮ್ಮೆಲೇ ಅನ್ವಯಿಸಬಾರದು. ಒಂದು ಗಿಡಕ್ಕೆ ಹಾಕಿ, ಅದರ ಪಕ್ಕದ ಗಿಡವನ್ನು ಹಾಗೆಯೇ ಬಿಟ್ಟು, ಒಂದು ವಾರ ಎರಡನ್ನೂ ಹೋಲಿಸಬೇಕು. ಹಾಕಿದ ದಿನಾಂಕ, ಪ್ರಮಾಣ, ಕಂಡ ಬದಲಾವಣೆಯನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಎರಡು ಮೂರು ವರ್ಷಗಳಲ್ಲಿ ಆ ಮನೆಯ ಮಣ್ಣಿಗೇ ಹೊಂದುವ ಕೈಪಿಡಿಯೊಂದು ಸಿದ್ಧವಾಗುತ್ತದೆ. ಸ್ವಸಹಾಯ ಸಂಘದ ಸಭೆಯಲ್ಲಿ ಇಂತಹ ಪುಸ್ತಕಗಳನ್ನು ಒಟ್ಟಿಗೆ ಓದಿದರೆ ಇಡೀ ಊರಿಗೆ ಅದರ ಉಪಯೋಗ ದೊರೆಯುತ್ತದೆ.

10. ಎಲ್ಲಿ ವಿಚಾರಿಸಬೇಕು

ಕಿಸಾನ್ ಕಾಲ್ ಸೆಂಟರ್ ಸಂಖ್ಯೆ 1800-180-1551. ಇದು 2004ರಿಂದ ಕಾರ್ಯನಿರ್ವಹಿಸುತ್ತಿರುವ ಶುಲ್ಕರಹಿತ ಸೇವೆ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲಿಯೇ ಪ್ರಶ್ನೆ ಕೇಳಬಹುದು. ಹೋಬಳಿಯ ರೈತ ಸಂಪರ್ಕ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಮತ್ತು ಕೃಷಿ ವಿಜ್ಞಾನ ಕೇಂದ್ರಗಳಿಗೆ ರೋಗ ತಗುಲಿದ ಎಲೆ ಅಥವಾ ಕಾಯಿಯನ್ನು ಒಯ್ದು ತೋರಿಸಬಹುದು. ಮಣ್ಣು ಪರೀಕ್ಷೆಯ ಬಗ್ಗೆಯೂ ಅಲ್ಲಿಯೇ ವಿಚಾರಿಸಬಹುದು. ಸ್ವಂತ ಮೊಬೈಲ್ ಇಲ್ಲದವರು ಅಂತರ್ಜಾಲ ಸೌಲಭ್ಯವಿರುವ ಗ್ರಾಮ ಪಂಚಾಯಿತಿ ಗ್ರಂಥಾಲಯ ಮತ್ತು ಮಾಹಿತಿ ಕೇಂದ್ರದ ನೆರವು ಪಡೆಯಬಹುದು.

ಅಂಗನವಾಡಿ ಮತ್ತು ಶಾಲೆಗಳ ಕೈತೋಟಗಳಲ್ಲಿ ಬೆಳೆದ ಸೊಪ್ಪು ತರಕಾರಿ ಮಕ್ಕಳ ಊಟಕ್ಕೆ ಬಳಕೆಯಾಗುವುದರಿಂದ, ಅಲ್ಲಿ ಹೊಸ ಸಿಂಪರಣೆಯನ್ನಾಗಲಿ ಗೊಬ್ಬರವನ್ನಾಗಲಿ ಬಳಸುವ ಮುನ್ನ ಮೇಲಿನ ಯಾವುದಾದರೂ ಒಂದು ಕಡೆ ವಿಚಾರಿಸುವುದು ಅವಶ್ಯ. ಬೇರೆಯವರಿಗೆ ಸಲಹೆಯನ್ನು ರವಾನಿಸುವವರೂ ಬೆಳೆ, ನೆಲ, ಕಾಲ, ಅಳತೆ, ಹೊಣೆ ಎಂಬ ಐದೂ ಅದರಲ್ಲಿವೆಯೇ ಎಂದು ನೋಡಿ ಕಳುಹಿಸಬೇಕು. ಇಲ್ಲದಿದ್ದಲ್ಲಿ ಅದನ್ನು ತಮ್ಮಲ್ಲಿಯೇ ನಿಲ್ಲಿಸುವುದು ನೆರೆಮನೆಯ ಊಟದ ಹಿತದೃಷ್ಟಿಯಿಂದಲೂ ಒಳ್ಳೆಯದು.